ಬ್ಲೆಂಡರ್‌ನಲ್ಲಿ ಕಾಸ್ಟಿಕ್ಸ್: ಲೋಟ, ತೊಟ್ಟಿ, ಬಾವಿಯ ನೀರಿನಲ್ಲಿ ಬೆಳಕಿನ ಬಲೆ ಬರಿಸುವ ಸಮಗ್ರ ಮಾರ್ಗದರ್ಶಿ

ಗಾಜು, ನೀರು ಅಥವಾ ಹೊಳೆಯುವ ಲೋಹಕ್ಕೆ ತಾಗಿ ದಿಕ್ಕು ಬದಲಿಸಿದ ಬೆಳಕು ಒಂದೆಡೆ ಸೇರಿ ಮೂಡಿಸುವ ಹೊಳೆಯುವ ಗೆರೆ, ಬಲೆಗಳೇ ಕಾಸ್ಟಿಕ್ಸ್. 3ಡಿ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ ಒಂದು ದೃಶ್ಯ ಕಟ್ಟಿದ್ದೀರಿ: ಸುರಂಗದ ನೀರು ಬಂದು ಬೀಳುವ ತೊಟ್ಟಿ, ಸುತ್ತ ಮುರಕಲ್ಲಿನ ಗೋಡೆ, ಮೇಲಿನಿಂದ ಮಧ್ಯಾಹ್ನದ ಬಿಸಿಲು. ಮಾಡೆಲ್ ಚೆನ್ನಾಗಿದೆ, ಟೆಕ್ಸ್ಚರ್ ಚೆನ್ನಾಗಿದೆ. ರೆಂಡರ್ ಒತ್ತಿದರೆ ಮಾತ್ರ ತೊಟ್ಟಿಯ ತಳ ಟಾರು ಬಳಿದಂತೆ ಕಪ್ಪು. ಗಾಜಿನ ಲೋಟ ಇಟ್ಟರೂ ಅದೇ ಕತೆ: ಮೇಜಿನ ಮೇಲೆ ಬೆಳಕಿನ ಗೆರೆ ಬೀಳಬೇಕಾದಲ್ಲಿ ಮರದ ತುಂಡಿನಂಥ ಗಟ್ಟಿ ನೆರಳು. ಆಗ ಎಲ್ಲರೂ ಮಾಡುವುದು ಒಂದೇ ಕೆಲಸ, ಸ್ಯಾಂಪಲ್ಸ್, ಅಂದರೆ ಒಂದೊಂದು ಪಿಕ್ಸೆಲ್‌ಗೆ ಬಿಡುವ ಕಿರಣಗಳ ಸಂಖ್ಯೆ, ಏರಿಸುವುದು. 4096 ಇದ್ದದ್ದನ್ನು 10000 ಮಾಡಿ, ರಾತ್ರಿಯಿಡೀ ಫ್ಯಾನ್ ಓಡಿಸಿ, ಬೆಳಿಗ್ಗೆ ನೋಡಿದರೆ ಅದೇ ಕಪ್ಪು, ಮೇಲೆ ಒಂದಿಷ್ಟು ಬಿಳಿ ಚುಕ್ಕೆ.

ರೋಗ ಸ್ಯಾಂಪಲ್ಸ್‌ನಲ್ಲಿಲ್ಲ. ಬೆಳಕು ದಾಟಬೇಕಾದ ಮೈಗಳು ಎಷ್ಟು, ಆ ದಾರಿಯನ್ನು ಸಾಫ್ಟ್‌ವೇರ್ ಹುಡುಕಬಲ್ಲದೇ ಎಂಬ ಲೆಕ್ಕವನ್ನು ಮೊದಲೇ ಮಾಡದಿರುವುದು ರೋಗ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನ್ನು ಬಿಟ್ಟು ಐದಕ್ಕೆ ಹಾರಿದರೆ ತಪ್ಪು ಎಲ್ಲಾಯಿತು ಎಂದು ಆಮೇಲೆ ಗೊತ್ತಾಗುವುದಿಲ್ಲ.

ಬೇಕಾದ್ದು

ಬ್ಲೆಂಡರ್ 3.2 ಅಥವಾ ಅದರ ನಂತರದ ಆವೃತ್ತಿ. ನೆರಳಿನೊಳಗಿನ ಕಾಸ್ಟಿಕ್ಸ್ ಲೆಕ್ಕ ಹಾಕುವ ಶ್ಯಾಡೋ ಕಾಸ್ಟಿಕ್ಸ್ ಬಂದದ್ದು 2022ರ ಆ ಆವೃತ್ತಿಯಲ್ಲಿ. ಲೋಹದ ಪಾತ್ರೆಯ ಪ್ರತಿಫಲನವೂ ಬೇಕಿದ್ದರೆ 3.4 ಅಥವಾ ನಂತರದ್ದು ಇರಲಿ, ಬೆಳಕು ಬರುವ ದಿಕ್ಕನ್ನು ಕಲಿತು ಕಿರಣ ಬಿಡುವ ಪಾತ್ ಗೈಡಿಂಗ್ ಇರುವುದು ಅಲ್ಲಿಂದ ಮುಂದೆ. ರೆಂಡರ್ ಎಂಜಿನ್ ಸೈಕಲ್ಸ್ ಆಗಿರಬೇಕು. ಬ್ಲೆಂಡರ್‌ನ ಇನ್ನೊಂದು ಎಂಜಿನ್ ಈವಿಯಲ್ಲಿ ನಿಜವಾದ ಕಾಸ್ಟಿಕ್ಸ್ ಇಲ್ಲ, ಅಲ್ಲಿ ಕಾಣುವುದೆಲ್ಲ ಲೈಟಿಗೆ ಅಂಟಿಸಿದ ಚಿತ್ರ. ಇಷ್ಟರ ಮೇಲೆ ಒಂದು ಕಾಗದ, ಪೆನ್ಸಿಲ್. ತಮಾಷೆಗೆ ಹೇಳುತ್ತಿಲ್ಲ, ಹಂತ 4ರಲ್ಲಿ ಬೇಕಾಗುತ್ತದೆ.

ಹಂತ 1: ಬೆಳಕು ಯಾಕೆ ಸಿಗುವುದಿಲ್ಲ, ಮೊದಲು ಅದು

ಸೈಕಲ್ಸ್ ಕಿರಣಗಳನ್ನು ಕ್ಯಾಮೆರಾದಿಂದ ಹೊರಡಿಸುತ್ತದೆ. ಕಿರಣ ಮೇಜಿಗೆ ತಾಗಿದ ಮೇಲೆ ಅಲ್ಲಿಂದ ನೇರ ಸೂರ್ಯನ ಕಡೆಗೆ ಇನ್ನೊಂದು ಕಿರಣ ಬಿಟ್ಟು, ನಡುವೆ ಅಡ್ಡ ಇದೆಯೇ ಎಂದು ನೋಡುತ್ತದೆ. ನಡುವೆ ಗಾಜಿದೆ. ಗಾಜಿನಲ್ಲಿ ಬೆಳಕು ಬಾಗುತ್ತದೆ, ಈ ಕಿರಣಕ್ಕೆ ಬಾಗಲು ಬಾರದು. ಹಾಗಾಗಿ ಅಡ್ಡ ಇದೆ, ನೆರಳು ಎಂದು ಬರೆದುಕೊಳ್ಳುತ್ತದೆ. ಉಳಿದ ದಾರಿ ಒಂದೇ: ಮೇಜಿನಿಂದ ಕಣ್ಣುಮುಚ್ಚಿ ಹಾರಿದ ಕಿರಣ ಗಾಜು ದಾಟಿ, ಬಾಗಿ, ಅದೃಷ್ಟವಿದ್ದರೆ ಸೂರ್ಯನಿಗೆ ತಾಗಬೇಕು.

ಆ ಅದೃಷ್ಟ ಎಷ್ಟು? ಸೂರ್ಯ ನಮಗೆ ಕಾಣುವುದು ಸುಮಾರು 0.53 ಡಿಗ್ರಿ ಅಗಲಕ್ಕೆ. ನೆಲದಿಂದ ಕಾಣುವ ಇಡೀ ಆಕಾಶದಲ್ಲಿ ಅದರ ಪಾಲು ಸುಮಾರು 92,000ದಲ್ಲಿ ಒಂದು. ಬಿಳಿ ಚುಕ್ಕೆಗಳ ಮೂಲ ಇದೇ, ಸಾವಿರಾರು ಪಿಕ್ಸೆಲ್‌ಗಳಲ್ಲಿ ಯಾವುದೋ ಒಂದಕ್ಕೆ ಲಾಟರಿ ಹೊಡೆದಿದೆ. ರೇಡಿಯಸ್ ಸೊನ್ನೆ ಇರುವ ಪಾಯಿಂಟ್ ಲೈಟ್ ಇಟ್ಟಿದ್ದರೆ ಲಾಟರಿಯೂ ಇಲ್ಲ, ಸೊನ್ನೆ ಅಗಲದ ಬೆಳಕಿಗೆ ಕಿರಣ ತಾಗುವುದೇ ಇಲ್ಲ.

ಹಂತ 2: ಅಳತೆ ಸರಿಪಡಿಸಿ, ದೃಶ್ಯ ಬರಿದು ಮಾಡಿ

ಇಡೀ ಮನೆಯ ಫೈಲಿನಲ್ಲಿ ಪ್ರಯೋಗ ಮಾಡಬೇಡಿ. ಹೊಸ ಫೈಲಿನಲ್ಲಿ ಒಂದು ನೆಲ, ಒಂದು ಲೋಟ, ಒಂದು ಸನ್ ಲೈಟ್, ಅಷ್ಟೇ ಇರಲಿ. ಲೋಟದ ಅಳತೆ ನಿಜವಾದ್ದೇ ಇರಲಿ: 7 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ, ಗಾಜಿನ ದಪ್ಪ 2ರಿಂದ 3 ಮಿ.ಮೀ. ಸ್ಕೇಲ್ ಅಪ್ಲೈ ಮಾಡಿ. ಎರಡು ಮೀಟರ್ ಎತ್ತರದ ಲೋಟವನ್ನು ದೂರದಿಂದ ನೋಡಿದರೂ ಚಿತ್ರ ಚೆನ್ನಾಗಿಯೇ ಕಾಣುತ್ತದೆ, ಆದರೆ ಬಲ್ಬಿನ ರೇಡಿಯಸ್, ಅಲೆಯ ಎತ್ತರ ಎಲ್ಲದರ ಲೆಕ್ಕ ತಪ್ಪುತ್ತದೆ.

ನೆಲಕ್ಕೆ ಸದ್ಯಕ್ಕೆ ಟೆಕ್ಸ್ಚರ್ ಬೇಡ. 0.6ರಷ್ಟು ತಿಳಿ ಬೂದು ಸಾಕು. ಮುರಕಲ್ಲಿನ ತೂತು, ರೆಡ್ ಆಕ್ಸೈಡಿನ ಕೆಂಪು, ಇವೆರಡೂ ಬೆಳಕಿನ ಗೆರೆಯನ್ನು ನುಂಗುತ್ತವೆ. ಬೂದಿನ ಮೇಲೆ ಗೆರೆ ಕಂಡ ಮೇಲೆ ಅವನ್ನು ಹಾಕಿ.

ಹಳೆಯ ವಿಡಿಯೋ ನೋಡಿ ಗಾಜಿನ ಮೆಟೀರಿಯಲ್‌ನಲ್ಲಿ ಲೈಟ್ ಪಾತ್ ನೋಡ್ ಸೇರಿಸಿ, ಶ್ಯಾಡೋ ರೇ ಬಂದಾಗ ಟ್ರಾನ್ಸ್‌ಪರೆಂಟ್ ಆಗುವ ಉಪಾಯ ಮಾಡಿದ್ದೀರಾದರೆ ಈಗಲೇ ಕಿತ್ತುಹಾಕಿ. ಅದು ಕಪ್ಪು ನೆರಳನ್ನು ಪೇಲವ ನೆರಳು ಮಾಡುತ್ತದೆಯೇ ಹೊರತು ಬೆಳಕನ್ನು ಒಂದೆಡೆ ಸೇರಿಸುವುದಿಲ್ಲ.

ಹಂತ 3: ಮೂರು ಟಿಕ್

ಶ್ಯಾಡೋ ಕಾಸ್ಟಿಕ್ಸ್ ಮೂರು ಕಡೆ ಆನ್ ಆಗಬೇಕು. ಎರಡು ಕಡೆ ಮಾಡಿ ಮೂರನೆಯದನ್ನು ಮರೆಯುವುದೇ ಅತಿ ಸಾಮಾನ್ಯ ತಪ್ಪು.

1. ಗಾಜು ಅಥವಾ ನೀರನ್ನು ಆರಿಸಿ. ಆಬ್ಜೆಕ್ಟ್ ಪ್ರಾಪರ್ಟೀಸ್, ಶೇಡಿಂಗ್, ಕಾಸ್ಟಿಕ್ಸ್ ಒಳಗೆ ಕಾಸ್ಟ್ ಶ್ಯಾಡೋ ಕಾಸ್ಟಿಕ್ಸ್.
2. ಬೆಳಕು ಬೀಳುವ ನೆಲ, ಗೋಡೆ, ತೊಟ್ಟಿಯ ತಳ. ಅದೇ ಜಾಗದಲ್ಲಿ ರಿಸೀವ್ ಶ್ಯಾಡೋ ಕಾಸ್ಟಿಕ್ಸ್.
3. ಲೈಟ್ ಪ್ರಾಪರ್ಟೀಸ್‌ನಲ್ಲಿ ಶ್ಯಾಡೋ ಕಾಸ್ಟಿಕ್ಸ್.

ಈ ಟಿಕ್‌ಗಳು ಕಾಣದಿದ್ದರೆ ಎಂಜಿನ್ ಇನ್ನೂ ಈವಿಯಲ್ಲೇ ಇದೆ. ಹೊಳೆಯುವ ಎಮಿಷನ್ ಮೆಶ್ಶನ್ನು (ತಾನೇ ಬೆಳಗುವ ಮಾಡೆಲ್) ಬಲ್ಬಾಗಿ ಬಳಸಿದ್ದರೆ ಮೂರನೆಯ ಟಿಕ್ ಹಾಕಲು ಜಾಗವೇ ಇಲ್ಲ, ಅದರ ಬದಲು ನಿಜವಾದ ಏರಿಯಾ ಲೈಟ್ ಇಡಿ. ರೆಂಡರ್ ಪ್ರಾಪರ್ಟೀಸ್‌ನ ಲೈಟ್ ಪಾತ್ಸ್ ಅಡಿಯ ರಿಫ್ಲೆಕ್ಟಿವ್, ರಿಫ್ರ್ಯಾಕ್ಟಿವ್ ಕಾಸ್ಟಿಕ್ಸ್ ಎರಡೂ ಆನ್ ಇರಲಿ. ವೇಗಕ್ಕೆಂದು ಇವನ್ನು ಆಫ್ ಮಾಡಿಟ್ಟ ರೆಡಿಮೇಡ್ ಫೈಲುಗಳು ಬಹಳ ಓಡಾಡುತ್ತವೆ.

ಟಿಕ್ ಹಾಕಿದ ಮೇಲೆ ಖಾಲಿ ಲೋಟವನ್ನು 64 ಸ್ಯಾಂಪಲ್‌ನಲ್ಲಿ ರೆಂಡರ್ ಮಾಡಿ. ನೆರಳಿನೊಳಗೆ ತೆಳ್ಳಗಿನ ಬೆಳಕಿನ ಗೆರೆಗಳು ಕಾಣಬೇಕು. ಕಾಣದಿದ್ದರೆ ಮುಂದೆ ಹೋಗಬೇಡಿ. ಮೆಶ್ ನೋಡಿ: ಶೇಡ್ ಸ್ಮೂತ್ ಆಗಿರಬೇಕು, ಫೇಸ್ ಓರಿಯೆಂಟೇಷನ್ ಹಾಕಿದಾಗ ಕೆಂಪು ಎಲ್ಲೂ ಇರಬಾರದು. 32 ಬದಿಯ ಸಿಲಿಂಡರ್ ಕಣ್ಣಿಗೆ ದುಂಡಗೆ ಕಂಡರೂ ಬೆಳಕಿಗೆ ಅದು 32 ಮೂಲೆಯ ಡಬ್ಬಿ, ನೆಲದ ಮೇಲೆ ಬಾಚಣಿಗೆಯಂತೆ ಗೀರು ಬೀಳುತ್ತದೆ. 128 ಬದಿ ಅಥವಾ ಸಬ್‌ಡಿವಿಷನ್ ಮಟ್ಟ 3 ಇಡಿ. ಲೋಟದ ತಳಕ್ಕೂ ಮೇಜಿಗೂ ನಡುವೆ 0.1 ಮಿ.ಮೀ. ಸಂದು ಬಿಡಿ, ಎರಡು ಮೈ ಒಂದೇ ಜಾಗದಲ್ಲಿದ್ದರೆ ಕಪ್ಪು ಕಲೆಗಳು ಏಳುತ್ತವೆ.

ಹಂತ 4: ಮೈಗಳನ್ನು ಎಣಿಸಿ

ಇಲ್ಲಿ ನಿಧಾನಿಸಿ. ಈ ವಿಧಾನಕ್ಕೆ ಒಂದು ಮಿತಿ ಇದೆ: ಬೆಳಕು ಹೆಚ್ಚೆಂದರೆ ನಾಲ್ಕು ಬಾಗುವ ಮೈಗಳನ್ನು ದಾಟಬಹುದು, ಐದನೆಯದು ಬಂದರೆ ಆ ದಾರಿಯನ್ನೇ ಕೈಬಿಡುತ್ತದೆ.

ಕಾಗದದ ಮೇಲೆ ಲೋಟದ ಅಡ್ಡಕೊಯ್ತ ಬರೆದು, ಬದಿಯಿಂದ ಒಂದು ಗೆರೆ ಎಳೆಯಿರಿ. ಖಾಲಿ ಲೋಟ: ಗಾಳಿಯಿಂದ ಗಾಜು, ಗಾಜಿನಿಂದ ಒಳಗಿನ ಗಾಳಿ, ಮತ್ತೆ ಗಾಜು, ಮತ್ತೆ ಗಾಳಿ. ನಾಲ್ಕು. ಸರಿಯಾಗಿ ಮಿತಿಯ ಅಂಚಿನಲ್ಲಿದೆ.

ಈಗ ನೀರು ತುಂಬಿ. ರೂಢಿಯ ಪಾಠ ಹೇಳುವುದು, ನೀರಿನ ಮೆಶ್ಶನ್ನು ಗಾಜಿನೊಳಕ್ಕೆ ಕೂದಲೆಳೆಯಷ್ಟು ನುಗ್ಗಿಸಿ ಎಂದು. ಸಾಮಾನ್ಯ ರೆಂಡರ್‌ಗೆ ಅದು ನಡೆಯುತ್ತದೆ. ಎಣಿಸಿ ನೋಡಿ: ಗಾಜಿನ ಹೊರಮೈ, ನೀರಿನ ಮೈ, ಗಾಜಿನ ಒಳಮೈ, ಆಚೆ ಬದಿಯಲ್ಲಿ ಮತ್ತೆ ಒಳಮೈ, ನೀರಿನ ಮೈ, ಹೊರಮೈ. ಆರು. ನೀರಿಗೂ ಗಾಜಿಗೂ ನಡುವೆ ಸಂದು ಬಿಟ್ಟರೂ ಆರೇ, ಸಾಲದ್ದಕ್ಕೆ ನೋಡಲೂ ಅಸಹ್ಯ. ಖಾಲಿ ಲೋಟಕ್ಕೆ ಬಂದ ಗೆರೆ ನೀರು ತುಂಬಿದ ಕೂಡಲೇ ಮಾಯವಾಗುವುದು ಇದರಿಂದ.

ನಿಜವಾದ ಲೋಟದಲ್ಲಿ ಗಾಜಿಗೂ ನೀರಿಗೂ ನಡುವೆ ಇರುವುದು ಒಂದೇ ಮೈ. ಮೆಶ್ಶಿನಲ್ಲೂ ಹಾಗೇ ಮಾಡಿ:

1. ಲೋಟದ ಒಳಗೋಡೆಯಲ್ಲಿ ನೀರಿನ ಮಟ್ಟಕ್ಕೆ ಒಂದು ಲೂಪ್ ಕಟ್ ಹಾಕಿ.
2. ಆ ಗೆರೆಯ ಕೆಳಗಿನ ಒಳಮೈ ಫೇಸ್‌ಗಳನ್ನು, ಒಳತಳವೂ ಸೇರಿ, ಆರಿಸಿ ಹೊಸ ಮೆಟೀರಿಯಲ್ ಸ್ಲಾಟ್ ಕೊಡಿ. ಗ್ಲಾಸ್ ಬಿಎಸ್‌ಡಿಎಫ್, ರಫ್‌ನೆಸ್ 0, ಐಒಆರ್ (ಬೆಳಕು ಎಷ್ಟು ಬಾಗುತ್ತದೆ ಎಂದು ಹೇಳುವ ವಕ್ರೀಭವನಾಂಕ) 1.125.
3. ಲೋಟದ ಉಳಿದ ಮೈಗೆಲ್ಲ ಐಒಆರ್ 1.5.
4. ನೀರಿನ ಮೇಲ್ಮೈಗೆ ಮಾತ್ರ ಬೇರೆ ಒಂದು ವೃತ್ತಾಕಾರದ ಮೆಶ್. ಅಂಚು ಒಳಗೋಡೆಗೆ ಸರಿಯಾಗಿ ತಾಗಲಿ, ನಾರ್ಮಲ್ (ಮೈ ಮುಖ ಮಾಡಿರುವ ದಿಕ್ಕು) ಮೇಲಕ್ಕಿರಲಿ, ಐಒಆರ್ 1.333. ಇದಕ್ಕೂ ಕಾಸ್ಟ್ ಟಿಕ್ ಹಾಕಿ.

1.125 ಎಲ್ಲಿಂದ ಬಂತೆಂದರೆ, ಗಾಜಿನ 1.5ನ್ನು ನೀರಿನ 1.333ರಿಂದ ಭಾಗಿಸಿದ್ದು. ಲೋಟದ ಒಳಮೈಯ ನಾರ್ಮಲ್ ಹೇಗೂ ನೀರಿನ ಕಡೆಗೇ ಮುಖ ಮಾಡಿರುತ್ತದೆ, ಆದ್ದರಿಂದ ಏನನ್ನೂ ತಿರುಗಿಸಬೇಕಿಲ್ಲ. ತಿರುಗಿಸಿದಿರೋ, ಲೆಕ್ಕ ಉಲ್ಟಾ. ಈಗ ಎಣಿಸಿದರೆ ನಾಲ್ಕೇ.

ಕುಪ್ಪಿಯಲ್ಲಿ ತೆಂಗಿನೆಣ್ಣೆ ತೋರಿಸಬೇಕಿದ್ದರೆ ಎಣ್ಣೆಗೆ 1.45 ಇಡಿ, ಒಳಮೈಗೆ 1.5 ಭಾಗಿಸು 1.45, ಅಂದರೆ 1.034. ಎಣ್ಣೆಯೂ ಗಾಜೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಎಣ್ಣೆಯ ಮಟ್ಟದ ಕೆಳಗೆ ಒಳಗೋಡೆ ಕಣ್ಣಿಗೆ ಕಾಣುವುದೇ ಇಲ್ಲ. ಅದು ತಪ್ಪಲ್ಲ, ನಿಜವಾದ ಎಣ್ಣೆ ಕುಪ್ಪಿಯೂ ಹಾಗೇ ಇರುತ್ತದೆ.

ಸರಿಯಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ. ಸೂರ್ಯನನ್ನು ಸಂಜೆಯ ಬಿಸಿಲಿನಂತೆ ಬಹಳ ತಗ್ಗಿಸಿ. ನೀರು ತುಂಬಿದ ದುಂಡು ಲೋಟದ ಬೆಳಕು, ಲೋಟದ ನಡುವಿನಿಂದ ಅದರ ಅಗಲದಷ್ಟೇ ದೂರದಲ್ಲಿ ಕೂಡಬೇಕು. 7 ಸೆಂ.ಮೀ. ಅಗಲದ ಲೋಟವಾದರೆ ಹಿಂಬದಿ ಗೋಡೆಯಿಂದ ಸುಮಾರು 3.5 ಸೆಂ.ಮೀ. ಆಚೆ. ಎಣ್ಣೆಯಾದರೆ ಇನ್ನೂ ಹತ್ತಿರ, 2 ಸೆಂ.ಮೀ. ಆಸುಪಾಸು. ಸೂರ್ಯ ಏರಿದಷ್ಟೂ ಈ ಜಾಗ ಲೋಟದ ಹತ್ತಿರಕ್ಕೆ ಸರಿಯುತ್ತದೆ. ಬೆಳಕು ಕೂಡುವ ಬದಲು ಹರಡಿದರೆ ಐಒಆರ್ ಅಥವಾ ನಾರ್ಮಲ್ ಎಲ್ಲೋ ತಿರುವುಮುರುವಾಗಿದೆ.

ಹಂತ 5: ತೊಟ್ಟಿಯ ತಳದ ಬಲೆ

ತೊಟ್ಟಿ ಲೋಟಕ್ಕಿಂತ ಸುಲಭ, ದಾಟಬೇಕಾದ್ದು ಒಂದೇ ಮೈ. ನೀರಿಗೆ ಪೆಟ್ಟಿಗೆಯಂಥ ಮೆಶ್ ಮಾಡಬೇಡಿ, ಅದರ ತಳ ತೊಟ್ಟಿಯ ತಳಕ್ಕೆ ಅಂಟಿ ಜಗಳವಾಡುತ್ತದೆ. ಒಂದೇ ಹಾಳೆ ಸಾಕು, ಅಂಚುಗಳು ಗೋಡೆಯೊಳಕ್ಕೆ ಒಂದೆರಡು ಸೆಂ.ಮೀ. ಹೋಗಿರಲಿ. ಬದಿಯಲ್ಲಿ ಕೂದಲಷ್ಟು ಸಂದು ಉಳಿದರೂ ಅಲ್ಲಿಂದ ನೇರ ಬಿಸಿಲು ಇಳಿದು ಗೋಡೆಯಗುಂಟ ಬಿಳಿ ಗೆರೆ ಬೀಳುತ್ತದೆ.

ಅಲೆಯನ್ನು ಬಂಪ್ ನೋಡ್‌ನಲ್ಲಿ ಮಾಡಬೇಡಿ, ಮೆಶ್ಶೇ ಏರಿಳಿಯಬೇಕು. 2 ಮೀಟರಿನ ತೊಟ್ಟಿಗೆ 400 × 400 ಭಾಗದ ಗ್ರಿಡ್ ಹಾಕಿದರೆ ಒಂದೊಂದು ಚೌಕ 5 ಮಿ.ಮೀ. ಆಗುತ್ತದೆ. ಅದರ ಮೇಲೆ ಡಿಸ್‌ಪ್ಲೇಸ್ ಮಾಡಿಫೈಯರ್, ಕ್ಲೌಡ್ಸ್ ಟೆಕ್ಸ್ಚರ್, ಡೆಪ್ತ್ 0 ಅಥವಾ 1. ಡೆಪ್ತ್ ಹೆಚ್ಚಿಸಿದರೆ ಅಲೆಯ ಮೇಲೆ ಸಣ್ಣ ಅಲೆ ಕೂತು, ಬಲೆಯ ಬದಲು ಉಪ್ಪು ಚೆಲ್ಲಿದಂತೆ ಕಾಣುತ್ತದೆ.

ಅಲೆ ಎಷ್ಟಿರಬೇಕು? ಹೆಚ್ಚಿನವರು ಕಣ್ಣಂದಾಜಿನಲ್ಲಿ ಎಳೆಯುವುದು ಇದನ್ನೇ. ಅಲೆಯ ನೆತ್ತಿ ಒಂದು ಮಸೂರ. ಮೇಲಿನಿಂದ ಬಿದ್ದ ಬೆಳಕನ್ನು ಅದು ನೀರಿನೊಳಗೆ, ತನ್ನ ಬಾಗಿನ ತ್ರಿಜ್ಯದ ಸುಮಾರು ನಾಲ್ಕು ಪಟ್ಟು ಆಳದಲ್ಲಿ ಕೂಡಿಸುತ್ತದೆ. ಅಲೆಯಿಂದ ಅಲೆಗೆ 15 ಸೆಂ.ಮೀ., ನೆತ್ತಿಯಿಂದ ತಗ್ಗಿಗೆ 8 ಮಿ.ಮೀ. ಇದ್ದರೆ ಬೆಳಕು ಕೂಡುವುದು ಸುಮಾರು 57 ಸೆಂ.ಮೀ. ಆಳದಲ್ಲಿ. 60 ಸೆಂ.ಮೀ. ತೊಟ್ಟಿಗೆ ಹೇಳಿ ಮಾಡಿಸಿದ್ದು. ಎತ್ತರ ಅಷ್ಟೇ ಇಟ್ಟು ಅಲೆಯ ಉದ್ದ ಎರಡರಷ್ಟು, 30 ಸೆಂ.ಮೀ. ಮಾಡಿದರೆ ಆಳ ನಾಲ್ಕು ಪಟ್ಟು, ಸುಮಾರು 2.3 ಮೀಟರ್. ಅಂಥ ಅಲೆಯನ್ನು 60 ಸೆಂ.ಮೀ. ತೊಟ್ಟಿಯ ಮೇಲೆ ಹಾಕಿ, ತಳದಲ್ಲಿ ಬರೀ ಮಬ್ಬು ಎಂದರೆ ದೋಷ ರೆಂಡರ್‌ನದ್ದಲ್ಲ. ಕ್ಲೌಡ್ಸ್ ಸೈಜ್ 0.15, ಸ್ಟ್ರೆಂತ್ 0.008 ಮೀಟರಿನಿಂದ ಶುರು ಮಾಡಿ. ಗೆರೆ ಮಬ್ಬಾಗಿದ್ದರೆ ಸ್ಟ್ರೆಂತ್ ಸ್ವಲ್ಪ ಏರಿಸಿ, ಒಂದೊಂದು ಗೆರೆ ಒಡೆದು ಎರಡಾಗಿ ಬಲೆಯೆಲ್ಲ ಸಿಕ್ಕುಸಿಕ್ಕಾಗಿದ್ದರೆ ಇಳಿಸಿ.

ಸನ್ ಲೈಟಿನ ಆಂಗಲ್ 0.526 ಡಿಗ್ರಿಯಲ್ಲೇ ಇರಲಿ. ಆ ಅಗಲಕ್ಕೆ 60 ಸೆಂ.ಮೀ. ನೀರಿನ ತಳದಲ್ಲಿ ಗೆರೆ ಸುಮಾರು 4 ಮಿ.ಮೀ. ಮಸುಕಾಗುತ್ತದೆ, 3 ಮೀಟರ್ ಆಳದ ಕೆರೆಯಲ್ಲಿ 2 ಸೆಂ.ಮೀ. ಮಸುಕಾಗುತ್ತದೆ. ಅಷ್ಟು ಆಳದ ಕೆರೆಯ ತಳದಲ್ಲಿ ಬ್ಲೇಡಿನಂಥ ಗೆರೆ ಕಂಡರೆ ಆಂಗಲ್ ಯಾರೋ ಸೊನ್ನೆ ಮಾಡಿದ್ದಾರೆ.

ಹಂತ 6: ಬಿಸಿಲು ಅಲ್ಲಿಗೆ ತಲುಪುತ್ತದೆಯೇ

ಬಾವಿಯ ದೃಶ್ಯದಲ್ಲಿ ಎಲ್ಲ ಸರಿಯಿದ್ದೂ ಬಲೆ ಬಾರದಿದ್ದರೆ ಸೂರ್ಯನನ್ನು ನೋಡಿ. ಕಾಸರಗೋಡು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸೂರ್ಯ ಇಲ್ಲಿ ನಡುನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ 23ರ ಆಸುಪಾಸು ಮತ್ತು ಆಗಸ್ಟ್ 20ರ ಆಸುಪಾಸು. ಸನ್ ಲೈಟಿನ ರೊಟೇಷನ್ ಎಲ್ಲ ಸೊನ್ನೆ ಇಟ್ಟರೆ ಅದು ಆ ದಿನಗಳ ಮಧ್ಯಾಹ್ನ.

ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ 36 ಡಿಗ್ರಿ ವಾಲಿರುತ್ತಾನೆ. ವೈ ದಿಕ್ಕು ಉತ್ತರವಾಗಿದ್ದರೆ ಎಕ್ಸ್ ರೊಟೇಷನ್ 36. ಆಗ 2 ಮೀಟರ್ ಅಗಲದ ಬಾವಿಯಲ್ಲಿ ಬಿಸಿಲು ಇಳಿಯುವುದು ಕಟ್ಟೆಯ ಅಂಚಿನಿಂದ ಸುಮಾರು 2.75 ಮೀಟರಿನವರೆಗೆ ಮಾತ್ರ. ನೀರು ಅದಕ್ಕಿಂತ ಕೆಳಗಿದ್ದರೆ ಬಲೆಯೂ ಇಲ್ಲ, ಗೋಡೆಯ ಮೇಲೆ ಕುಣಿಯುವ ಬೆಳಕೂ ಇಲ್ಲ.

ಮಳೆಗಾಲದ ದೃಶ್ಯಕ್ಕೆ ಮೋಡದ ಎಚ್‌ಡಿಆರ್‌ಐ (ಸುತ್ತಲಿನಿಂದ ಬೆಳಕು ಕೊಡುವ ಆಕಾಶದ ಚಿತ್ರ) ಹಾಕಿದ್ದರೆ ಈ ಇಡೀ ಕೆಲಸವೇ ಬೇಡ. ಬೆಳಕು ಎಲ್ಲ ಕಡೆಯಿಂದ ಬರುವಾಗ ಬಲೆ ಅಳಿಸಿಹೋಗುತ್ತದೆ. ಆಟಿ ತಿಂಗಳ ಮೋಡದ ಕೆಳಗೆ ಹೊಳೆಯುವ ಬಲೆ ತೋರಿಸಿದರೆ ಊರಿನವರಿಗೆ ಕೂಡಲೇ ಗೊತ್ತಾಗುತ್ತದೆ.

ಹಂತ 7: ಸ್ಟೀಲ್ ಲೋಟ, ಹಿತ್ತಾಳೆ ಚೊಂಬು

ಚಹಾದ ಮೇಲೆ ಬೀಳುವ ಕಮಾನು ಬೇರೆ ಜಾತಿ. ಅದು ಪ್ರತಿಫಲನ, ಶ್ಯಾಡೋ ಕಾಸ್ಟಿಕ್ಸ್ ಅದನ್ನು ಮುಟ್ಟುವುದೇ ಇಲ್ಲ. ಸ್ಟೀಲ್ ಲೋಟಕ್ಕೆ ಕಾಸ್ಟ್ ಟಿಕ್ ಹಾಕಿ ಕಾಯುವುದು ವ್ಯರ್ಥ. ನೀರಿನಿಂದ ಚಿಮ್ಮಿ ಚಾವಡಿಯ ಮಾಡಿನ ಕೆಳಗೆ ಆಡುವ ಬೆಳಕೂ ಇದೇ ಜಾತಿಗೆ ಸೇರಿದ್ದು.

ಇಲ್ಲಿ ಲಾಟರಿಯೇ ಗತಿ, ಆದ್ದರಿಂದ ಗೆಲ್ಲುವ ಅವಕಾಶ ಹೆಚ್ಚಿಸಬೇಕು. ಸನ್ ಆಂಗಲ್ 2 ಡಿಗ್ರಿಗೆ ಏರಿಸಿ. ಸೂರ್ಯನ ವಿಸ್ತೀರ್ಣ 14 ಪಟ್ಟಾಗುತ್ತದೆ, ಕಿರಣ ತಾಗುವ ಅವಕಾಶವೂ ಅಷ್ಟೇ ಏರುತ್ತದೆ, ಲೋಟದೊಳಗೆ ಗೆರೆ ಮಸುಕಾಗುವುದು ಒಂದೂವರೆ ಮಿ.ಮೀ. ಒಳಗೆ. 5 ಡಿಗ್ರಿ ಮಾಡಿದರೆ 90 ಪಟ್ಟು, ಆದರೆ ಕಮಾನಿನ ಮೊನೆ ಕರಗುತ್ತದೆ. ಲೈಟಿನ ಮಲ್ಟಿಪಲ್ ಇಂಪಾರ್ಟೆನ್ಸ್ ಟಿಕ್ ಆನ್ ಇರಲೇಬೇಕು. ಫಿಲ್ಟರ್ ಗ್ಲಾಸಿ 1ರಲ್ಲಿದ್ದರೆ 0.2ಕ್ಕೆ ಇಳಿಸಿ. ಸಿಪಿಯು ರೆಂಡರ್ ಆರಿಸಿ ಪಾತ್ ಗೈಡಿಂಗ್ ಆನ್ ಮಾಡಿ, ಅದು ಜಿಪಿಯುನಲ್ಲಿ ಓಡುವುದಿಲ್ಲ. ಟ್ರೈನಿಂಗ್ ಸ್ಯಾಂಪಲ್ಸ್ 128ರ ಬದಲು 512 ಇಡಿ.

ನಾಯ್ಸ್ ಥ್ರೆಶೋಲ್ಡ್ ಇಲ್ಲಿ ಮೋಸ ಮಾಡುತ್ತದೆ. ಮೊದಲ ಕೆಲವು ಸ್ಯಾಂಪಲ್‌ಗಳಲ್ಲಿ ಒಂದೂ ಕಿರಣ ತಾಗದ ಪಿಕ್ಸೆಲ್ಲನ್ನು ಸಾಫ್ಟ್‌ವೇರ್ ಶುದ್ಧ ಎಂದು ಭಾವಿಸಿ ಬಿಟ್ಟುಬಿಡುತ್ತದೆ. ಮಿನಿಮಮ್ ಸ್ಯಾಂಪಲ್ಸ್ 256 ಮಾಡಿ, ಇಲ್ಲವೇ ಥ್ರೆಶೋಲ್ಡ್ ತೆಗೆದೇಬಿಡಿ.

ಬಂದದ್ದು ಸರಿಯೇ ಎಂದು ನೋಡಲು ಲೋಟವನ್ನು ಮೇಲಿನಿಂದ ನೋಡಿ. ದೂರದ ಬೆಳಕಿಗೆ ಕಮಾನಿನ ಮೊನೆ, ಬೆಳಕು ತಾಗುವ ಬದಿಯ ಗೋಡೆಗೂ ಲೋಟದ ನಡುವಿಗೂ ಸರಿಯಾಗಿ ಮಧ್ಯದಲ್ಲಿರಬೇಕು. ಬೆಳಕಿನ ಮೂಲ ಲೋಟದ ಅಂಚಿನಲ್ಲೇ ಇದ್ದರೆ ಆಕಾರ ಬದಲಾಗಿ ಹೃದಯದಂತಾಗುತ್ತದೆ.

ಹಂತ 8: ಕೊನೆಯ ರೆಂಡರ್

ಪರೀಕ್ಷೆಯ ಹೊತ್ತಿಗೆ ತೀರಾ ಪ್ರಖರ ಬೆಳಕನ್ನು ಮೊಟಕುಗೊಳಿಸುವ ಕ್ಲಾಂಪ್ ಇಂಡೈರೆಕ್ಟ್ 10 ಇದ್ದದ್ದನ್ನು ಸೊನ್ನೆ ಮಾಡಿ. ನೀರಿನ ಮೂಲಕ ಕಾಣುವ ತಳದ ಬೆಳಕನ್ನು ಅದು ಇಂಡೈರೆಕ್ಟ್ ಎಂದೇ ಲೆಕ್ಕ ಹಿಡಿದು ಮೊಟಕುಗೊಳಿಸಬಹುದು. ಚುಕ್ಕೆ ಜಾಸ್ತಿಯಾದರೆ ಕೊನೆಗೆ 30ರಿಂದ 50ರ ನಡುವೆ ಇಡಿ. ಟ್ರಾನ್ಸ್‌ಮಿಷನ್ ಬೌನ್ಸ್ 12 ಸಾಕು. ಸನ್ ಲೈಟನ್ನು ಬೇರೆ ಲೈಟ್ ಗ್ರೂಪಿನಲ್ಲಿ ಹಾಕಿದರೆ ಅದರ ತೀವ್ರತೆಯನ್ನು ಆಮೇಲೆ ಕಂಪೋಸಿಟರ್‌ನಲ್ಲಿ ತಿದ್ದಬಹುದು, ಮತ್ತೆ ರೆಂಡರ್ ಬೇಡ. ಡಿನಾಯ್ಸರ್ ಕೊನೆಗೆ ಮಾತ್ರ. ಮೊದಲೇ ಆನ್ ಇಟ್ಟರೆ ಚುಕ್ಕೆಗಳನ್ನೆಲ್ಲ ಸವರಿ ಎಣ್ಣೆಬಣ್ಣದ ಕಲೆಯಂತೆ ಮಾಡಿ, ಬಲೆ ಬಂದಿದೆ ಎಂದು ನಂಬಿಸುತ್ತದೆ.

ಚಿತ್ರ ನೋಡಿ ರೋಗ ಹಿಡಿಯುವುದು

ಪೂರ್ತಿ ಕಪ್ಪು ನೆರಳು, ಚುಕ್ಕೆಯೂ ಇಲ್ಲ: ಮೂರು ಟಿಕ್‌ಗಳಲ್ಲಿ ಒಂದು ತಪ್ಪಿದೆ, ಮತ್ತು ಬಲ್ಬಿನ ರೇಡಿಯಸ್ ಸೊನ್ನೆ.

ಕಪ್ಪು ನೆರಳು, ಅಲ್ಲಲ್ಲಿ ಬಿಳಿ ಚುಕ್ಕೆ: ಟಿಕ್ ತಪ್ಪಿದೆ, ಅಥವಾ ಮೈಗಳು ನಾಲ್ಕು ದಾಟಿವೆ. ಒಂದರ ಹಿಂದೆ ಒಂದು ಇಟ್ಟ ಎರಡು ಲೋಟಗಳಿಗೂ ಹೀಗೇ, ಅಲ್ಲಿ ಎಂಟು ಮೈ. ಲೋಟಗಳನ್ನು ಬಿಸಿಲಿಗೆ ಅಡ್ಡಸಾಲಾಗಿ ಜೋಡಿಸಿ.

ಗೆರೆ ಇದೆ, ಆದರೆ ಮೂಲೆಮೂಲೆಯಾಗಿದೆ: ಮೆಶ್ ಒರಟು, ಅಥವಾ ಎಲ್ಲೋ ಶಾರ್ಪ್ ಎಡ್ಜ್ ಉಳಿದಿದೆ.

ಪೇಲವ ನೆರಳು, ಗೆರೆಯೇ ಇಲ್ಲ: ಟ್ರಾನ್ಸ್‌ಪರೆಂಟ್ ಉಪಾಯ ಇನ್ನೂ ಮೆಟೀರಿಯಲ್‌ನೊಳಗೆ ಕೂತಿದೆ.

ಬೂದು ನೆಲದ ಮೇಲೆ ಇದ್ದ ಬಲೆ ಮುರಕಲ್ಲು ಹಾಕಿದ ಮೇಲೆ ಕಾಣೆ: ಕಲ್ಲಿನ ಬಂಪ್ ಸ್ಟ್ರೆಂತ್ ಅರ್ಧ ಇಳಿಸಿ, ಬಣ್ಣ ಒಂದು ಛಾಯೆ ತಿಳಿಮಾಡಿ. ಆಗಲೂ ಕಾಣದಿದ್ದರೆ ಕಲ್ಲಿನ ಮೆಶ್ ಬೇರೆ ಆಬ್ಜೆಕ್ಟಾಗಿ ಬಂದಿದೆ, ಅದಕ್ಕೆ ರಿಸೀವ್ ಟಿಕ್ ಹಾಕಿಲ್ಲ.